ಮೇಣದಕ್ಕನ ತೊಟ್ಟಿಗೆ ಬಂದ ನೆಂಟ

ಆಸ್ಪತ್ರೆಯ ನೆಲಮಾಳಿಗೆಗೆ ಬೆಳಗಾಗುವುದು ಎಲ್ಲರಿಗಿಂತ ಕೊನೆಗೆ. ಹೊರಗೆ ಪೇಪರ್ ಹಾಕುವವರು ಅರ್ಧ ಊರು ಸುತ್ತಿ ಬಂದರೂ ಇಲ್ಲಿ ಇನ್ನೂ ಟ್ಯೂಬ್‌ಲೈಟಿನದೇ ರಾಜ್ಯ. ಆ ಬೆಳಕಿನಲ್ಲಿ ಒಬ್ಬ ಮಹಿಳೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಮೇಣದ ಅಚ್ಚೊಂದನ್ನು ಐಸಿನ ತಟ್ಟೆಯಿಂದ ಎತ್ತುತ್ತಾರೆ. ಅದನ್ನು ಯಂತ್ರದ ಹಿಡಿಗೆ ಸಿಕ್ಕಿಸಿ, ಅದರ ಹತ್ತಿರ ಬಾಯಿ ತಂದು ‘ಹಾ’ ಎಂದು ಒಂದೇ ಒಂದು ಸಲ ಉಸಿರು ಬಿಡುತ್ತಾರೆ. ಕನ್ನಡಕ ಒರೆಸುವ ಮೊದಲು ನಾವೆಲ್ಲ ಬಿಡುತ್ತೇವಲ್ಲ, ಅಂಥದ್ದೇ ಉಸಿರು. ತೀರಾ ತಣ್ಣಗಿದ್ದರೆ ಮೇಣ ಪುಡಿಯಾಗುತ್ತದೆ, ಬೆಚ್ಚಗಾದರೆ ಮುದ್ದೆಯಾಗುತ್ತದೆ. ಎರಡರ ನಡುವಿನ ಹದ ಆ ಒಂದು ಉಸಿರಿನಲ್ಲಿದೆ.

ಆಮೇಲೆ ಚಕ್ರ ತಿರುಗುತ್ತದೆ. ಅಲಗು ಇದ್ದಲ್ಲೇ ಇರುತ್ತದೆ, ಅಚ್ಚು ಮೇಲೆ ಕೆಳಗೆ ಆಡುತ್ತದೆ. ಅಲಗಿನ ಅಂಚಿನಿಂದ ಮೇಣದ ಪದರಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನಂತೆ ಇಳಿದು ಬರುತ್ತವೆ. ಬಲಗೈ ಚಕ್ರದ ಮೇಲೆ, ಎಡಗೈಯಲ್ಲಿ ಚಿತ್ರ ಬರೆಯುವ ಬ್ರಷ್ಷು. ಬ್ರಷ್ಷಿನ ತುದಿಯಿಂದ ರಿಬ್ಬನ್ನನ್ನು ಎತ್ತಿ ಪಕ್ಕದ ಬಿಸಿನೀರಿನ ತೊಟ್ಟಿಯ ಮೇಲೆ ಹಾಸಿದರೆ ಮುದುರಿದ್ದ ಪದರ ಸುಕ್ಕು ಬಿಚ್ಚಿ ಮೈಚಾಚುತ್ತದೆ. ಗಾಜಿನ ಸ್ಲೈಡನ್ನು ನೀರಿನೊಳಗೆ ಓರೆಯಾಗಿ ಇಳಿಸಿ, ಪದರದ ಅಡಿಯಿಂದ ಮೆಲ್ಲಗೆ ಎತ್ತಿದರೆ ಅದು ಗಾಜಿಗೆ ಅಂಟಿಕೊಂಡೇ ಬರುತ್ತದೆ. ಇಷ್ಟು ನಡೆಯುವಾಗ ಕೋಣೆಯಲ್ಲಿ ಫ್ಯಾನು ಹಾಕುವಂತಿಲ್ಲ, ಸೀನುವಂತಿಲ್ಲ, ಬಾಗಿಲು ತೆಗೆಯುವಂತಿಲ್ಲ. ಒಮ್ಮೆ ವಿಭಾಗದ ಮುಖ್ಯಸ್ಥರೇ ದಡಾರನೆ ಬಾಗಿಲು ತಳ್ಳಿಕೊಂಡು ಬಂದರಂತೆ. ರಿಬ್ಬನ್ನು ಹಾರಿ ಅವರ ಕನ್ನಡಕಕ್ಕೇ ಅಂಟಿತು.

“ಬಯ್ಯೋಕೆ ಬಂದವರು ಗೊಂಬೆ ಹಾಗೆ ನಿಂತ್ಬಿಟ್ರು. ನಾನು ಬ್ರಷ್ ತಗೊಂಡು ಅವರ ಮೂಗಿನ ಮೇಲಿಂದ ಬಿಡಿಸ್ಕೊಂಡೆ. ಒಂದು ಚೂರೂ ಹರೀಲಿಲ್ಲ,” ಎನ್ನುತ್ತಾರೆ ಅವರು. ಯಾವುದು ಹರಿಯಲಿಲ್ಲ ಎಂದು ಕೇಳಿದರೆ ಅಚ್ಚರಿಯಿಂದ ನೋಡುತ್ತಾರೆ. ರಿಬ್ಬನ್ನು, ಮತ್ತೇನು.

ಇವರನ್ನು ಇಲ್ಲಿ ಎಲ್ಲರೂ ಮೇಣದಕ್ಕ ಎಂದೇ ಕರೆಯುತ್ತಾರೆ. ಹೊಸದಾಗಿ ಬಂದ ಕೆಲವರು ಅದೇ ಅವರ ನಿಜವಾದ ಹೆಸರೆಂದು ತಿಳಿದು ಹಾಜರಿ ಹಾಳೆಯಲ್ಲಿ ಹುಡುಕಿದ್ದೂ ಉಂಟು. ವಯಸ್ಸು ಐವತ್ತು ದಾಟಿದೆ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಅಲಗು ತಾಗಿದ ಹಳೆಯ ಗುರುತು, ಭುಜದಲ್ಲಿ ಚಕ್ರ ತಿರುಗಿಸಿ ತಿರುಗಿಸಿ ಕೂತುಬಿಟ್ಟ ನೋವು. ದಿನಕ್ಕೆ ನೂರರ ಆಸುಪಾಸು ಅಚ್ಚುಗಳು ಅವರ ಕೈ ಹಾದು ಹೋಗುತ್ತವೆ. ಇಲ್ಲಿನವರು ಅವನ್ನು ಬ್ಲಾಕ್ ಎನ್ನುತ್ತಾರೆ. ಒಂದೊಂದರೊಳಗೂ ಯಾರದೋ ದೇಹದಿಂದ ತೆಗೆದ ಒಂದು ಚೂರು, ಕೆಡದಂತೆ ಮೇಣದಲ್ಲಿ ಹುದುಗಿರುತ್ತದೆ. ಅದರಿಂದ ಮೇಣದಕ್ಕ ಕತ್ತರಿಸುವ ಪದರದ ದಪ್ಪ ನಾಲ್ಕು ಮೈಕ್ರಾನ್. ಅಂಥ ಇಪ್ಪತ್ತು ಪದರಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ತಲೆಗೂದಲ ದಪ್ಪವಾಗಬಹುದು. ‘ಕೂದಲೆಳೆಯಲ್ಲಿ ತಪ್ಪಿತು’ ಎಂದು ಈ ಕೋಣೆಯಲ್ಲಿ ಯಾರಾದರೂ ಹೇಳಿದರೆ ನಗುತ್ತಾರೆ. ಇವರ ಲೆಕ್ಕದಲ್ಲಿ ಕೂದಲೆಳೆ ಎಂದರೆ ಮರದ ದಿಮ್ಮಿ.

ಮನೆಯಲ್ಲಿ ಈ ಕೆಲಸದ ಬಗ್ಗೆ ಯಾರಿಗೂ ಅಂಥ ಗೌರವವೇನಿಲ್ಲ. ಗಂಡ ಬೀದಿ ಮೂಲೆಯ ಅಂಗಡಿಯಲ್ಲಿ ಬೀಗ ರಿಪೇರಿ ಮಾಡಿ ಕೀಲಿ ಕಡಿದು ಕೊಡುವವರು. ತನ್ನಷ್ಟು ಸಣ್ಣ ಲೆಕ್ಕದ ಕೆಲಸ ಇನ್ನೊಬ್ಬರದಿಲ್ಲ ಎಂಬ ಗತ್ತು ಮದುವೆಗೆ ಮುಂಚೆ ಅವರಿಗಿತ್ತಂತೆ. “ಇವಳು ಬಂದು ಆ ಜಂಬ ಇಳಿಸಿದಳು ನೋಡಿ. ಆದ್ರೂ ನಾನು ಮಾಡಿದ್ದು ಬಾಗಿಲು ತೆಗೆಯುತ್ತೆ. ಇವಳು ಮಾಡಿದ್ದು ಕಣ್ಣಿಗೇ ಕಾಣ್ಸಲ್ಲ,” ಎಂದು ಅವರು ಛೇಡಿಸುತ್ತಾರೆ. ಅತ್ತೆಯದು ಇನ್ನೂ ಒಂದು ಕೈ ಮೇಲೆ. ಸೊಸೆಯ ಬಟ್ಟೆಯಲ್ಲಿ ದಿನಾ ಮೇಣದ ವಾಸನೆ ಬರುವುದರಿಂದ, ಅವಳು ಮೇಣದಬತ್ತಿ ಕಾರ್ಖಾನೆಗೆ ಹೋಗುತ್ತಾಳೆಂದೇ ಅಕ್ಕಪಕ್ಕದವರಿಗೆ ಹೇಳಿಕೊಂಡು ಬಂದಿದ್ದಾರೆ. ನಿಜ ಗೊತ್ತಿಲ್ಲವೆಂದಲ್ಲ. “ಸತ್ಯ ಹೇಳಿದ್ರೆ ಯಾರೂ ನಮ್ಮನೇಲಿ ಊಟ ಮಾಡಲ್ಲ,” ಎನ್ನುವುದು ಅವರ ವಾದ.

ಮೇಣದಕ್ಕ ಈ ನೆಲಮಾಳಿಗೆಗೆ ಮೊದಲು ಬಂದದ್ದು ನೆಲದ ಮೇಲೆ ಬಿದ್ದು ಗಟ್ಟಿಯಾದ ಮೇಣವನ್ನು ಕೆರೆದು ತೆಗೆಯುವ ಕೆಲಸಕ್ಕೆ. ಮೇಣ ಬಿದ್ದ ನೆಲ ಜಾರುತ್ತದೆ. ಡಾಕ್ಟರೊಬ್ಬರು ಜಾರಿಬಿದ್ದು ಸೊಂಟ ಉಳುಕಿಸಿಕೊಂಡ ಮೇಲೆ ಅದಕ್ಕಾಗಿಯೇ ಒಬ್ಬರನ್ನು ಇಟ್ಟುಕೊಳ್ಳಲಾಯಿತು. ಮಂಡಿಯೂರಿ ಕೆರೆಯುತ್ತಲೇ ಅವರು ಮೇಜಿನ ಮೇಲಿನ ಕೈಗಳನ್ನು ನೋಡುತ್ತಿದ್ದರು. ಆಗ ಯಂತ್ರದ ಮುಂದೆ ಕೂರುತ್ತಿದ್ದ ಹಿರಿಯ ಕೆಲಸಗಾರ ಮಾತು ಕಡಿಮೆಯ ಮನುಷ್ಯ. ಒಂದು ದಿನ ಖಾಲಿ ಮೇಣದ ಅಚ್ಚೊಂದನ್ನು ಕೈಗೆ ಕೊಟ್ಟು, “ಕೊಯ್ಯಿ” ಎಂದರು. ಒಳಗೆ ಏನೂ ಇಲ್ಲದ ಅಚ್ಚನ್ನು ಕೊಯ್ಯುತ್ತಲೇ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು. ಸಂಜೆ ತಾಂತ್ರಿಕ ತರಗತಿಗೆ ಹೋಗಿ, ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದು, ಮತ್ತೆ ಬರೆದು ಪಾಸಾದರು. ಆ ವರ್ಷಗಳಲ್ಲಿ ಔಷಧದ ಘಾಟಿಗೆ ಕಣ್ಣು ಸದಾ ಕೆಂಪು. ಕೈಕೂಸಾಗಿದ್ದ ಮಗಳು ಅಮ್ಮನ ಕೈ ಮೂಸಿ ಮುಖ ತಿರುಗಿಸುತ್ತಿದ್ದಳಂತೆ. ಅದನ್ನು ಹೇಳುವಾಗ ಅವರು ನಗುವುದಿಲ್ಲ. ಅದೊಂದು ನೋವು ಇನ್ನೂ ಇದೆ.

ಇಷ್ಟೆಲ್ಲ ತೆಳ್ಳಗೆ ಕೊಯ್ಯುವುದು ಯಾತಕ್ಕೆ ಎಂಬ ಕುತೂಹಲ ಯಾರಿಗಾದರೂ ಹುಟ್ಟಬೇಕಾದ್ದೇ. ಅವರ ಮೇಜಿನ ಮೇಲಿನ ಒಂದು ಬಗೆಯ ಬ್ಲಾಕುಗಳನ್ನೇ ತೆಗೆದುಕೊಳ್ಳೋಣ. ಗಂಡಸರ ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಎಂಬ ಗ್ರಂಥಿಯಿದೆ. ಆರೋಗ್ಯವಾಗಿದ್ದಷ್ಟು ದಿನ ಅಂಥದ್ದೊಂದು ಇದೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ಅಲ್ಲಿ ಕ್ಯಾನ್ಸರ್ ಹುಟ್ಟಿದರೆ ಎಷ್ಟೋ ಸಲ ಸರ್ಜನ್ ಇಡೀ ಗ್ರಂಥಿಯನ್ನೇ ತೆಗೆದುಬಿಡುತ್ತಾರೆ. ಪೀಡೆ ತೊಲಗಿತು ಎಂದುಕೊಳ್ಳಬಹುದು. ಆದರೆ ಗ್ರಂಥಿ ತೆಗೆಯುವ ಮೊದಲೇ ನಾಲ್ಕು ಕೆಟ್ಟ ಜೀವಕೋಶಗಳು ಹಿತ್ತಲ ಬಾಗಿಲಿನಿಂದ ಹೊರಬಿದ್ದಿದ್ದರೆ? ಅವು ಮುಂದೆ ತಲೆಯೆತ್ತಿದಾಗ ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಅಲ್ಲಿಯವರೆಗೆ ಕಾಯಬೇಕೇ, ಅಥವಾ ಮೊದಲೇ ವಿಕಿರಣ ಚಿಕಿತ್ಸೆ ಕೊಟ್ಟುಬಿಡಬೇಕೇ? ಎಲ್ಲರಿಗೂ ಕೊಟ್ಟರೆ ಬೇಡವಾದವರಿಗೂ ಸುಮ್ಮನೆ ತೊಂದರೆ. ಯಾರಿಗೂ ಕೊಡದಿದ್ದರೆ ಬೇಕಾದವರಿಗೆ ತಡ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರೆ. ಕೇಡಿಗೂ ಅದೇ ನ್ಯಾಯ. ತೆಗೆದ ಗಡ್ಡೆಯ ಸ್ವಭಾವ ಹೇಗಿತ್ತು, ಅದು ಮರಳಿ ಬರುವ ಜಾತಿಯದೋ ಸುಮ್ಮನಿರುವ ಜಾತಿಯದೋ ಎಂಬುದರ ಸುಳಿವು ಅದರ ಜೀವಕೋಶಗಳಲ್ಲೇ ಇರುತ್ತದೆ. ಅಂಥ ಸುಳಿವುಗಳಿಗೆ ಜೈವಿಕ ಗುರುತುಗಳು ಎಂದು ಹೆಸರು. ಅವುಗಳಲ್ಲಿ ಒಂದು ಪ್ರೊಟೀನನ್ನು ಈ ಕೋಣೆಯವರು ‘ಕಾವಲುಗಾರ’ ಎನ್ನುತ್ತಾರೆ. ಜೀವಕೋಶ ಅಂಕೆ ಮೀರದಂತೆ ಹಿಡಿದಿಡುವುದು ಅದರ ಕೆಲಸ. ಸ್ಲೈಡಿಗೆ ಒಂದು ವಿಶೇಷ ಬಣ್ಣ ಹಾಕಿದಾಗ, ಕಾವಲುಗಾರ ಇದ್ದರೆ ಆ ಜಾಗ ಕಂದುಬಣ್ಣಕ್ಕೆ ತಿರುಗುತ್ತದೆ, ಇಲ್ಲದಿದ್ದರೆ ಬಿಳಿಚಿಕೊಂಡೇ ಉಳಿಯುತ್ತದೆ. ಬಿಳಿಚಿದ ಗಡ್ಡೆ ಮರಳಿ ಬರುವ ಸಂಭವ ಹೆಚ್ಚು. ಹೆಚ್ಚು ಅಷ್ಟೇ, ಖಚಿತವಲ್ಲ. ಡಾಕ್ಟರುಗಳು ಈ ಮಾತನ್ನು ಬಹಳ ಒತ್ತಿ ಹೇಳುತ್ತಾರೆ. ಮೇಣದಕ್ಕನೂ ಅಷ್ಟೇ ಒತ್ತಿ ಹೇಳುತ್ತಾರೆ. “ಇದು ಭವಿಷ್ಯ ಹೇಳೋದಲ್ಲ. ಮೋಡ ನೋಡಿ ಕೊಡೆ ತಗೊಂಡು ಹೋಗೋದು.”

ಈ ವೃತ್ತಿಯವರಿಗಷ್ಟೇ ಆಗಬಹುದಾದ ಒಂದು ತಪ್ಪಿದೆ. ಒಂದು ಬ್ಲಾಕಿನ ಪದರ ನೀರಿನ ಮೇಲೆ ತೇಲುವಾಗ ಅದರಿಂದ ಕಣ್ಣಿಗೆ ಕಾಣದಷ್ಟು ಚೂರೊಂದು ಕಳಚಿ ತೊಟ್ಟಿಯಲ್ಲೇ ಉಳಿಯಬಹುದು. ಮುಂದಿನ ಬ್ಲಾಕು ಇನ್ನೊಬ್ಬ ರೋಗಿಯದು. ಅದರ ಪದರವನ್ನು ಎತ್ತುವಾಗ ಹಿಂದಿನವರ ಚೂರು ಬಂದು ಪಕ್ಕದಲ್ಲಿ ಅಂಟಿಕೊಂಡರೆ ಒಬ್ಬರ ಸ್ಲೈಡಿನಲ್ಲಿ ಇನ್ನೊಬ್ಬರ ರೋಗ. ಇಲ್ಲಿನವರು ಅದನ್ನು ‘ನೆಂಟ’ ಎನ್ನುತ್ತಾರೆ. ಕರೆಯದೆ ಬರುತ್ತಾನೆ, ಬಂದದ್ದು ಗೊತ್ತಾಗುವುದಿಲ್ಲ, ಉಣ್ಣುವ ಎಲೆಯನ್ನೇ ಕೆಡಿಸುತ್ತಾನೆ. ಅದಕ್ಕೇ ಪ್ರತಿ ಬ್ಲಾಕಿನ ನಡುವೆಯೂ ತೊಟ್ಟಿಯ ನೀರಿನ ಮೈಯನ್ನು ಕಾಗದದಿಂದ ಒರೆಸಬೇಕು. ಮೇಣದಕ್ಕ ಒಂದೇ ಒಂದು ಸಲವೂ ಬಿಡದೆ ಒರೆಸುತ್ತಾರೆ. ತನ್ನ ತೊಟ್ಟಿಗೆ ನೆಂಟ ಕಾಲಿಟ್ಟಿಲ್ಲ ಎಂಬುದು ಅವರ ಬಾಯಲ್ಲಿ ಸದಾ ಇರುತ್ತಿದ್ದ ಹೆಮ್ಮೆ. ಇರುತ್ತಿದ್ದ ಎನ್ನಲು ಕಾರಣವಿದೆ.

ಕಳೆದ ಚಳಿಗಾಲದಲ್ಲಿ ಸರ್ಜನ್ ಒಬ್ಬರು ಖುದ್ದಾಗಿ ನೆಲಮಾಳಿಗೆಗೆ ಇಳಿದು ಬಂದರು. ಅದು ಅಪರೂಪ. ಇಲ್ಲಿಗೆ ಬ್ಲಾಕುಗಳು ಬರುತ್ತವೆಯೇ ಹೊರತು ಮನುಷ್ಯರ ಕಥೆಗಳು ಬರುವುದಿಲ್ಲ. ಸ್ಲೈಡು ನೋಡಿ ವರದಿ ಬರೆಯುವ ಯುವ ವೈದ್ಯೆಯ ಪಕ್ಕ ನಿಂತು ಅವರು ಹೇಳಿದ್ದನ್ನು, ಮೂರು ಮಾರು ದೂರದಲ್ಲಿ ಅಲಗು ಬದಲಾಯಿಸುತ್ತಿದ್ದ ಮೇಣದಕ್ಕ ಕೇಳಿಸಿಕೊಂಡರು. ರೋಗಿ ಒಬ್ಬ ಬಸ್ ಡ್ರೈವರ್. ಆಪರೇಷನ್ ಆಗಿ ಕೆಲವು ತಿಂಗಳಾಗಿದೆ. ರಕ್ತದ ವರದಿ ಸದ್ಯಕ್ಕೆ ಚೆನ್ನಾಗಿದೆ. ಆದರೆ ಗಡ್ಡೆ ಗ್ರಂಥಿಯ ಅಂಚಿಗೆ ತಾಗಿದಂತಿತ್ತು.

“ರೇಡಿಯೇಷನ್ ಕೊಡ್ಲಾ, ಕಾಯ್ಲಾ ಅನ್ನೋದು ತಕ್ಕಡಿಯ ಮುಳ್ಳಿನ ಮೇಲೆ ನಿಂತಿದೆ,” ಎಂದರು ಸರ್ಜನ್. “ಮೂತ್ರದ ಹತೋಟಿ ಅವರಿಗೆ ಈಗಷ್ಟೇ ವಾಪಸ್ ಬಂದಿದೆ. ಕೊಟ್ರೆ ಅದು ಮತ್ತೆ ಕೆಡಬಹುದು. ಅವರು ಬೇರೇನೂ ಕೇಳಲ್ಲ. ‘ಒಂದು ಟ್ರಿಪ್ ಪೂರ್ತಿ ಸೀಟ್ ಬಿಟ್ಟು ಏಳದೆ ಓಡಿಸೋಕಾಗುತ್ತಾ?’ ಅಂತ ಒಂದೇ ಕೇಳೋದು. ಕಾವಲುಗಾರ ಇದ್ದಾನಾ ಇಲ್ವಾ ಹೇಳಿ. ಇದ್ರೆ ಧೈರ್ಯವಾಗಿ ಕಾಯ್ತೀನಿ.”

ಅಂಚಿಗೆ ತಾಗಿದ ಭಾಗ ಇದ್ದದ್ದು ಒಂದೇ ಬ್ಲಾಕಿನಲ್ಲಿ. ಹಿಂದಿನ ಪರೀಕ್ಷೆಗಳು ಅದರ ಬಹುಪಾಲನ್ನು ತಿಂದು ಹಾಕಿದ್ದವು. ಉಳಿದದ್ದು ಕತ್ತರಿಸಿ ಎಸೆದ ಉಗುರಿನಷ್ಟು ದಪ್ಪ. ಅದರಿಂದ ಮೇಣದಕ್ಕ ಬೇಕಾದ ಪದರಗಳನ್ನು ತೆಗೆದುಕೊಟ್ಟರು. ಬಣ್ಣ ಹಾಕಿದ್ದಾಯಿತು. ಮರುದಿನ ಮಧ್ಯಾಹ್ನ ಡಾಕ್ಟರಮ್ಮ, ಎಂದರೆ ಆ ಯುವ ವೈದ್ಯೆ, ಅವರನ್ನು ಕರೆದರು. ಅವರ ಮೇಜಿನ ಮೇಲಿದ್ದುದು ಇಬ್ಬರು ಎದುರುಬದುರು ಕೂತು ನೋಡಬಹುದಾದ ಸೂಕ್ಷ್ಮದರ್ಶಕ.

“ಅಕ್ಕ, ಎಲ್ಲಾ ಕಡೆ ಚೆನ್ನಾಗಿ ಕಂದು ಬಂದಿದೆ. ಈ ಮೂಲೆ ನೋಡಿ,” ಎಂದರು ಡಾಕ್ಟರಮ್ಮ.

ಮೂಲೆಯಲ್ಲಿ ಜೀವಕೋಶಗಳ ಒಂದು ಗುಂಪು, ಬಿಳಿಚಿಕೊಂಡಿತ್ತು. ಕಾವಲುಗಾರನ ಸುಳಿವಿಲ್ಲ.

“ಗಡ್ಡೆಯ ಒಂದು ಭಾಗದಲ್ಲಿ ಮಾತ್ರ ಹೀಗಾಗೋದುಂಟು. ಹಾಗಾಗಿದ್ರೆ ಇವರಿಗೆ ರೇಡಿಯೇಷನ್ ಬೇಕು ಅಂತ ಬರೀಬೇಕಾಗುತ್ತೆ. ಆದ್ರೆ ಇದು ಪೂರ್ತಿ ಅಂಚಿನಲ್ಲಿದೆ, ಫೋಕಸ್ಸೂ ಸ್ವಲ್ಪ ಬೇರೆ, ಪದರದ ಮಟ್ಟಕ್ಕಿಲ್ಲ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದು ನೆಂಟ ಇರಬಹುದಾ?”

“ನನ್ನ ತೊಟ್ಟೀಲಿ ನೆಂಟ ಬರಲ್ಲ ಡಾಕ್ಟರಮ್ಮ.”

ಮಾತು ತಾನಾಗಿಯೇ ಬಾಯಿಂದ ಹೊರಬಿತ್ತು. ದನಿ ಗಡುಸಾಗಿತ್ತು. ಮೇಣದಕ್ಕ ತಮ್ಮ ಯಂತ್ರದ ಮುಂದೆ ಬಂದು ಕೂತು ಇನ್ನೊಂದು ಬ್ಲಾಕನ್ನು ಕೈಗೆತ್ತಿಕೊಂಡರು. ಎತ್ತಿಕೊಂಡವರು ಅದನ್ನು ಹಾಗೇ ಕೆಳಗಿಟ್ಟರು. ತಾನು ಈಗ ಹೇಳಿದ ಮಾತಿನ ಇನ್ನೊಂದು ಮಗ್ಗುಲು ಅವರಿಗೆ ಆಗ ಕಂಡಿತ್ತು. ನೆಂಟ ಅಲ್ಲವೆಂದರೆ ಆ ಬಿಳಿಚಿದ ಗುಂಪು ಡ್ರೈವರಿನದು. ತಾನು ತಪ್ಪು ಮಾಡಿಲ್ಲವೆಂದರೆ ಆ ಮನುಷ್ಯನಿಗೆ ಕೆಟ್ಟ ಸುದ್ದಿ. ಆ ಮನುಷ್ಯ ಉಳಿಯಬೇಕೆಂದರೆ ತಾನು ತಪ್ಪಿರಬೇಕು.

ಆ ಸಂಜೆ ಮನೆಯಲ್ಲಿ ಬಟಾಣಿ ಬಿಡಿಸುತ್ತಾ ಅವರು ಗಂಡನಿಗೆ ಇದನ್ನು ಹೇಳಿದರು. ಗಂಡ ಎದುರು ಕೂತು ಕೀಲಿಯೊಂದಕ್ಕೆ ಅರ ಹಾಕುತ್ತಿದ್ದರು.

“ರೀ, ನನ್ನ ಕೈಯಿಂದ ತಪ್ಪಾಗಿರಲಿ ಅಂತ ಬೇಡ್ಕೋತಾ ಇದೀನಿ.”

“ತಪ್ಪಾಗಿದ್ರೆ ಕೆಲಸಕ್ಕೆ ಏನಾದ್ರೂ…?”

“ಬರೆದು ಕೊಡ್ಬೇಕು. ಎಲ್ಲರೆದುರು ಒಂದು ಮೀಟಿಂಗ್ ಆಗುತ್ತೆ. ಅದಕ್ಕಲ್ಲ ಹೆದರ್ತಿರೋದು. ಇಷ್ಟು ವರ್ಷ ಅದೊಂದೇ ಮಾತು ಹೇಳ್ಕೊಂಡು ಓಡಾಡಿದೀನಿ. ಅದೂ ಹೋದ್ರೆ ನನ್ನ ಹತ್ರ ಇನ್ನೇನಿದೆ?”

ಗಂಡ ಅರವನ್ನು ಕೆಳಗಿಟ್ಟರು. “ಆ ಡ್ರೈವರು ನಿಂಗೆ ಗೊತ್ತಾ?”

“ಗೊತ್ತಿಲ್ಲ.”

“ಗೊತ್ತಿಲ್ಲದವನಿಗೋಸ್ಕರ ಮಾನ ಕಳ್ಕೊಳ್ಳೋಕೆ ಹೊರಟಿದೀಯ. ಮಾಡು,” ಎಂದು ಮತ್ತೆ ಕೀಲಿ ಎತ್ತಿಕೊಂಡರು. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು. “ನಡೆಯೋರು ಎಡವದೆ ಕೂತೋರು ಎಡವ್ತಾರೇನೇ? ಬಟಾಣಿ ಬೇಗ ಬಿಡಿಸು.”

ಮರುದಿನ ಬೆಳಿಗ್ಗೆ ಮುಖ್ಯಸ್ಥರ ಕೋಣೆಯಲ್ಲಿ ಚರ್ಚೆಯಾಯಿತು. ಸಂಶಯ ಪರಿಹರಿಸಲು ಸುಲಭದ ದಾರಿ ಒಂದೇ. ಅದೇ ಬ್ಲಾಕಿನಿಂದ ಇನ್ನೂ ಒಂದೆರಡು ಪದರ ತೆಗೆದು ಬಣ್ಣ ಹಾಕಬೇಕು. ಬಿಳಿಚಿದ ಗುಂಪು ಮತ್ತೆ ಕಂಡರೆ ಅದು ಡ್ರೈವರಿನದು. ಕಾಣದಿದ್ದರೆ ನೆಂಟ. ಆದರೆ ಬ್ಲಾಕಿನಲ್ಲಿ ಉಳಿದಿರುವುದೇ ಅಷ್ಟು. ಯಾವ ಬ್ಲಾಕನ್ನೂ ಪೂರ್ತಿ ಮುಗಿಸಬಾರದು ಎಂಬುದು ಮೇಣದಕ್ಕ ತಮ್ಮ ಗುರು, ಆ ಹಿರಿಯ ಕೆಲಸಗಾರರಿಂದ ಕಲಿತ ಮೊದಲ ಪಾಠ. ಮುಂದೊಂದು ದಿನ ಹೊಸ ಪರೀಕ್ಷೆ ಬಂದರೆ, ಆ ರೋಗಿಯ ಗಡ್ಡೆ ಎಂದು ಲೋಕದಲ್ಲಿ ಉಳಿದಿರುವುದು ಅದೊಂದೇ. ಪಾತ್ರೆಯ ತಳ ಕೆರೆಯಬಾರದು ಎನ್ನುತ್ತಿದ್ದರಂತೆ ಆ ಗುರು.

ಮುಖ್ಯಸ್ಥರು ಇನ್ನೊಂದು ತಕರಾರು ತೆಗೆದರು. “ಅನುಮಾನ ಇರೋದೇ ನಿಮ್ಮ ಕೈ ಬಗ್ಗೆ. ಬೇರೆಯವರು ಕೊಯ್ಯೋದು ನ್ಯಾಯ.”

“ನ್ಯಾಯ ಹೌದು ಸರ್,” ಎಂದರು ಮೇಣದಕ್ಕ. “ಆದ್ರೆ ಒಂದೊಂದು ಯಂತ್ರಕ್ಕೂ ಒಂದೊಂದು ಓರೆ ಇರುತ್ತೆ. ಬೇರೆ ಯಂತ್ರಕ್ಕೆ ಹಾಕಿದ್ರೆ ಬ್ಲಾಕಿನ ಮುಖ ಮಟ್ಟ ಮಾಡೋಕೇ ನಾಲ್ಕಾರು ಪದರ ಹೋಗುತ್ತೆ. ಇರೋದೇ ಅಷ್ಟು. ನನ್ನ ಯಂತ್ರದಲ್ಲಿ, ನಾನು ಹಿಂದಿನ ಸಲ ಕೂರಿಸಿದ ಹಾಗೇ ಕೂರಿಸಿದ್ರೆ ಉಳಿಸಬಹುದು. ನೀವು ಯಾರಾದ್ರೂ ಪಕ್ಕದಲ್ಲಿ ಕೂತ್ಕೊಂಡು ನೋಡಿ.”

“ನಾನು ಕೂತ್ಕೋತೀನಿ,” ಎಂದರು ಡಾಕ್ಟರಮ್ಮ.

ತೊಟ್ಟಿಯ ಹಳೆಯ ನೀರನ್ನು ಚೆಲ್ಲಿ, ತಳ ಉಜ್ಜಿ, ಹೊಸ ನೀರು ತುಂಬಲಾಯಿತು. ಅಲಗು ಹೊಸದು, ಬ್ರಷ್ಷು ಹೊಸದು. ಹೊಸ ಬ್ರಷ್ಷು ಬಿರುಸಾಗಿರುತ್ತದೆಂದು ಮೇಣದಕ್ಕ ಗೊಣಗಿದರು. ಅವರು ವರ್ಷಗಳಿಂದ ಬಳಸುತ್ತಿದ್ದ ಹಳೆಯ ಬ್ರಷ್ಷು ಎಷ್ಟು ಪಳಗಿತ್ತೆಂದರೆ ಅದನ್ನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಬಾಗಿಲಿಗೆ ಚಿಲಕ ಹಾಕಿದರು. ಬ್ಲಾಕನ್ನು ಹಿಡಿಗೆ ಸಿಕ್ಕಿಸಿ, ಕಣ್ಣು ಕಿರಿದು ಮಾಡಿ, ಒಂದು ಚೂರು ಎಡಕ್ಕೆ, ಒಂದು ಚೂರು ಹಿಂದಕ್ಕೆ ಸರಿಸಿದರು. ಬಹಳ ಹೊತ್ತು ಸರಿಸುತ್ತಲೇ ಇದ್ದರು. ಆಮೇಲೆ ಉಸಿರು ಬಿಟ್ಟು ಚಕ್ರ ತಿರುಗಿಸಿದರು.

“ಮೊದಲನೇ ಪದರ ಅರ್ಧ ಬಂತು. ನನ್ನ ಜೀವ ಬಾಯಿಗೆ ಬಂತು,” ಎಂದು ನೆನೆಯುತ್ತಾರೆ ಡಾಕ್ಟರಮ್ಮ. “ಅಕ್ಕ ನನ್ನ ಕಡೆ ತಿರುಗೂ ನೋಡಲಿಲ್ಲ. ಎರಡನೇದು ಪೂರ್ತಿ ಬಂತು. ಮೂರನೇದೂ ಬಂತು. ಅದರ ಮುಂದಿನದ್ದರಲ್ಲಿ ನಡುವೆ ತೂತು. ಹಿಂದಿನ ಬರೀ ಮೇಣ ಕಾಣ್ತಿತ್ತು.”

ಬ್ಲಾಕು ಮುಗಿದಿತ್ತು. ಅಂಚಿನಲ್ಲಿ ಉಳಿದ ಎಳೆಯಷ್ಟನ್ನು ಬಿಟ್ಟರೆ ಡ್ರೈವರಿನ ಗಡ್ಡೆಯ ಆ ಭಾಗವೆಲ್ಲ ಈಗ ಗಾಜಿನ ಮೇಲಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆ ಎರಡು ಸ್ಲೈಡುಗಳನ್ನು ಬಣ್ಣದ ಯಂತ್ರದವರೆಗೆ ಒಯ್ಯುವಾಗ ಮೇಣದಕ್ಕ ಎರಡೂ ಕೈಯಲ್ಲಿ ಹಿಡಿದು, ಎದುರಿಗೆ ಬಂದವರನ್ನೆಲ್ಲ “ಸರೀರಿ, ಸರೀರಿ” ಎಂದು ಸರಿಸಿಕೊಂಡು ನಡೆದರಂತೆ.

ಬಣ್ಣ ಹಿಡಿಯಲು ಅರ್ಧ ದಿನ ಬೇಕು. ಆ ಹೊತ್ತಿನಲ್ಲಿ ಅವರು ಮಿಕ್ಕ ಬ್ಲಾಕುಗಳನ್ನು ಕೊಯ್ದರು. ಒಂದು ಸಲ ಕೈ ತಪ್ಪಿ ರಿಬ್ಬನ್ನು ಹರಿಯಿತು. ಒಳಗೆ ಎರಡು ಮನಸ್ಸು ಜಗಳ ಆಡುತ್ತಿದ್ದವು ಎಂದು ಈಗ ಒಪ್ಪಿಕೊಳ್ಳುತ್ತಾರೆ. “ಒಂದು ಮನಸ್ಸು, ದೇವರೇ ನನ್ನದೇ ತಪ್ಪಾಗಿರಲಿ ಅಂತಿತ್ತು. ಇನ್ನೊಂದು, ನನ್ನ ಕೈಯಿಂದ ಹಾಗಾಗೋಕೆ ಸಾಧ್ಯವೇ ಇಲ್ಲ ಅಂತಿತ್ತು. ಎರಡನೇದರ ಮೇಲೆ ನನಗೆ ಸಿಟ್ಟು ಬರ್ತಿತ್ತು. ಆದ್ರೆ ಅದು ಸುಮ್ಮನಾಗಲಿಲ್ಲ. ಸುಳ್ಳು ಯಾಕೆ ಹೇಳಲಿ.”

ಸಂಜೆಯ ಹೊತ್ತಿಗೆ ಸ್ಲೈಡು ಬಂತು. ಡಾಕ್ಟರಮ್ಮ ಒಂದು ಕಡೆ, ಮೇಣದಕ್ಕ ಎದುರು ಕಡೆ ಕಣ್ಣಿಟ್ಟರು. ಸ್ಲೈಡು ನಿಧಾನವಾಗಿ ಸರಿಯಿತು. ನಡುಭಾಗ ಕಂದು. ಮೇಲಿನ ಅಂಚು ಕಂದು. ಎಡ ಮೂಲೆಯೂ ಕಂದೇ. ಆಮೇಲೆ, ನಿನ್ನೆ ಆ ಗುಂಪಿದ್ದ ಜಾಗ. ಅಲ್ಲಿ ಏನೂ ಇರಲಿಲ್ಲ. ಖಾಲಿ ಗಾಜು. ಎರಡನೆಯ ಸ್ಲೈಡಿನಲ್ಲೂ ಅಷ್ಟೇ. ಡಾಕ್ಟರಮ್ಮ ಎದ್ದು ಹೋಗಿ, ಮೊನ್ನೆ ಡ್ರೈವರಿನ ಬ್ಲಾಕಿಗಿಂತ ಮುಂಚೆ ಕೊಯ್ದ ಬ್ಲಾಕಿನ ಸ್ಲೈಡನ್ನು ಹುಡುಕಿ ತಂದರು. ಅದು ಬೇರೊಬ್ಬರದು. ಆ ಗಡ್ಡೆಯಲ್ಲಿ ಕಾವಲುಗಾರ ಇಲ್ಲವೆಂದು ವರದಿ ಸರಿಯಾಗಿಯೇ ಹೋಗಿ, ಚಿಕಿತ್ಸೆಯ ಏರ್ಪಾಡೂ ಆಗಿತ್ತು. ಅದರ ಒಂದು ಬದಿಯಲ್ಲಿ ಮುರುಕು, ಆಕಾರದಲ್ಲಿ ನಮ್ಮ ನೆಂಟನಿಗೆ ಜೋಡಿ. ಒಡೆದ ಬಳೆಯ ಎರಡು ಚೂರು ಕೂಡಿದಂತೆ ಕೂಡುತ್ತಿತ್ತು.

ಮೇಣದಕ್ಕ ಜೋರಾಗಿ ನಕ್ಕರು. ಆ ಕೋಣೆಯಲ್ಲಿ ಯಾರೂ ಅಷ್ಟು ಜೋರಾಗಿ ನಕ್ಕದ್ದಿಲ್ಲ. ಸದ್ದು ಕೇಳಿ ಮುಖ್ಯಸ್ಥರು ಓಡಿ ಬಂದರು.

“ನನ್ನದೇ ತಪ್ಪು ಸರ್,” ಎಂದರು ಮೇಣದಕ್ಕ, ಲಾಟರಿ ಹೊಡೆದವರ ಮುಖ ಮಾಡಿಕೊಂಡು. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಮ್ಮ ಸೇವಾವಧಿಯಲ್ಲಿ ಇಂಥ ತಪ್ಪೊಪ್ಪಿಗೆಯನ್ನು ಅವರು ಕಂಡಿರಲಿಲ್ಲ. ಡಾಕ್ಟರಮ್ಮ ಆಗಲೇ ಸರ್ಜನ್‌ಗೆ ಫೋನು ಹಚ್ಚಿದ್ದರು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ ಎನ್ನುವುದನ್ನೂ ಹೇಳಬೇಕು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಮೇಣದಕ್ಕನಿಗೆ ಇನ್ನೊಂದು ಯೋಚನೆ ಬಂತು. ಡಾಕ್ಟರಮ್ಮನ ಕಣ್ಣಿಗೆ ಬೀಳದಿದ್ದರೆ? ಇದು ಮೊದಲನೆಯದೋ, ಅಥವಾ ಗೊತ್ತಾದದ್ದರಲ್ಲಿ ಮೊದಲನೆಯದೋ? ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಬಂದವರೇ, ತಾವು ಇತ್ತೀಚೆಗೆ ಮಾಡಿದ ಸ್ಲೈಡುಗಳನ್ನೆಲ್ಲ ಮತ್ತೊಮ್ಮೆ ನೋಡಿಸಬೇಕೆಂದು ಬರೆದುಕೊಟ್ಟರು. ಯಾರೂ ಕೇಳಿರಲಿಲ್ಲ. ಇಬ್ಬರು ಡಾಕ್ಟರುಗಳು ಕೂತು ನೋಡಿದರು. ಇನ್ನೊಬ್ಬ ನೆಂಟ ಸಿಗಲಿಲ್ಲ. “ಸಿಗಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ,” ಎನ್ನುತ್ತಾರೆ ಅವರು. ಹಿಂದಿನ ಮೇಣದಕ್ಕ ಹೀಗೆ ಹೇಳುತ್ತಿರಲಿಲ್ಲವೆಂದು ಜೊತೆಯವರು ಹೇಳುತ್ತಾರೆ.

ನೆಂಟ ಬಂದದ್ದು ಹೇಗೆ? ನೀರನ್ನಂತೂ ಒರೆಸಿದ್ದರು, ಅದರಲ್ಲಿ ಅವರಿಗೆ ಅನುಮಾನವಿಲ್ಲ. ಅನುಮಾನ ಆ ಪಳಗಿದ ಬ್ರಷ್ಷಿನ ಮೇಲೆ. ವರ್ಷಗಟ್ಟಲೆ ಬಳಸಿ ಅದರ ಕೂದಲ ಬುಡದಲ್ಲಿ ಮೇಣ ಸೇರಿಕೊಂಡು, ಒಬ್ಬರ ಚೂರನ್ನು ಹಿಡಿದಿಟ್ಟು ಇನ್ನೊಬ್ಬರ ಪದರಕ್ಕೆ ದಾಟಿಸಿರಬೇಕು. ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳಲಾಗಲಿಲ್ಲ. ಆದರೂ ಈಗ ಈ ಕೋಣೆಯಲ್ಲಿ ಬ್ಲಾಕಿನಿಂದ ಬ್ಲಾಕಿಗೆ ನೀರಿನ ಜೊತೆ ಬ್ರಷ್ಷನ್ನೂ ಒರೆಸುತ್ತಾರೆ, ಯಾರ ಬ್ರಷ್ಷೂ ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲ. ಆ ನಿಯಮವನ್ನು ಬರೆದು ಗೋಡೆಗೆ ಅಂಟಿಸಿದವರು ಮೇಣದಕ್ಕನೇ. ಗಂಡನಿಗೂ ಅಂಗಡಿಯ ಹಳೆಯ ಅರಗಳನ್ನೆಲ್ಲ ಎಸೆಯಿರೆಂದು ಗಂಟುಬಿದ್ದಿದ್ದಾರೆ. ಅವರು ಒಪ್ಪಿಲ್ಲ.

ಡ್ರೈವರು ಕೆಲಸಕ್ಕೆ ಮರಳಿದ್ದಾರೆ. ವಿಕಿರಣ ಚಿಕಿತ್ಸೆ ಕೊಟ್ಟಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಹೋಗುತ್ತಾರೆ, ಇದುವರೆಗೆ ಎಲ್ಲ ನೆಟ್ಟಗಿದೆ. ಟ್ರಿಪ್ ಪೂರ್ತಿ ಸೀಟು ಬಿಟ್ಟು ಏಳುವುದಿಲ್ಲವೆಂದು ಸರ್ಜನ್‌ಗೆ ಹೇಳಿದರಂತೆ. ಸರ್ಜನ್ ಡಾಕ್ಟರಮ್ಮನಿಗೆ ಹೇಳಿ, ಡಾಕ್ಟರಮ್ಮ ಮೇಣದಕ್ಕನಿಗೆ ಹೇಳಿದರು. ಒಂದು ಜೀವದ ಕಥೆ ಕೊನೆಗೆ ಏನಾಯಿತೆಂಬ ಸುದ್ದಿ ನೆಲಮಾಳಿಗೆಗೆ ಇಳಿದು ಬಂದದ್ದು ಇಷ್ಟು ವರ್ಷಗಳಲ್ಲಿ ಇದೊಂದೇ. ಅವರನ್ನು ಒಮ್ಮೆ ನೋಡಬೇಕೆಂದು ಅನಿಸುವುದಿಲ್ಲವೇ ಎಂದು ಕೇಳಿದರೆ ಮೇಣದಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ. “ನೋಡಿ ಏನು ಹೇಳಲಿ? ನಿಮ್ಮ ಸ್ಲೈಡ್ ಕೆಡಿಸಿದ್ದು ನಾನೇ ಅಂತಲಾ? ಅವರ ರಕ್ತ ಹೀಗೇ ಚೆನ್ನಾಗಿ ಬರ್ತಾ ಇದ್ರೆ ಸಾಕು.”

ಮೀಟಿಂಗ್ ಆಯಿತು. ಎಲ್ಲರೆದುರು ನಿಂತು, ತಪ್ಪು ಎಲ್ಲಿ ಆಯಿತೆಂದು ಅವರೇ ವಿವರಿಸಿದರು. ನೆಂಟ ಕೂತಿದ್ದ ಸ್ಲೈಡನ್ನು ವಿಭಾಗದವರು ಎಸೆಯಲಿಲ್ಲ. ಹೊಸದಾಗಿ ಸೇರುವವರಿಗೆ ತೋರಿಸಲೆಂದು, ರೋಗಿಯ ಗುರುತು ಕಾಣದಂತೆ ಮುಚ್ಚಿ, ಪಾಠದ ಪೆಟ್ಟಿಗೆಗೆ ಸೇರಿಸಿದರು. ಪ್ರತಿ ಸ್ಲೈಡಿನ ಒಂದು ತುದಿಯಲ್ಲಿ ಪೆನ್ಸಿಲಿನಿಂದ ಬರೆಯಲು ಬೆರಳಗಲದ ಜಾಗವಿರುತ್ತದೆ. ಅಲ್ಲಿ ಬರೆಯುವುದು ನಂಬರು, ಎಂದೂ ನಂಬರು ಮಾತ್ರ. ಈ ಸ್ಲೈಡಿಗೆ ಇನ್ನು ನಂಬರಿಲ್ಲವಲ್ಲ, ಏನು ಬರೆಯಲಿ ಎಂದು ಡಾಕ್ಟರಮ್ಮ ಪೆನ್ಸಿಲ್ ಹಿಡಿದು ಕೇಳಿದರು.

“ನನ್ನ ಹೆಸರು ಬರೀರಿ ಅಂದೆ,” ಎನ್ನುತ್ತಾರೆ ಮೇಣದಕ್ಕ, ಮುಂದಿನ ಬ್ಲಾಕಿಗೆಂದು ತೊಟ್ಟಿಯ ನೀರನ್ನು ಒರೆಸುತ್ತಾ. “ಎಷ್ಟು ಲಕ್ಷ ಸ್ಲೈಡ್ ಮಾಡಿದೀನೋ ಲೆಕ್ಕ ಇಲ್ಲ. ನನ್ನ ಹೆಸರಿರೋದು ಅದೊಂದರ ಮೇಲೆ. ನೋಡ್ತೀರಾ? ಬನ್ನಿ, ತೋರಿಸ್ತೀನಿ.”